ದೀಪ ಹಚ್ಚಿದ ಮೇಲೆ ಓದಿದ ಅಧ್ಯಾಯ

ಫ್ಯಾಂಟಸಿ ಬರೆಯುವವರಿಗೆ ಭಯ ಇರಬಾರದು ಎಂದು ನಮ್ಮ ಟೀಚರ್ ಮೊದಲ ದಿನವೇ ಹೇಳಿದರು. ನಾನು ತಪ್ಪು ಕ್ಲಾಸಿಗೆ ಸೇರಿದ್ದೇನೆ ಎಂದು ನನಗೆ ಆಗಲೇ ಹೊಳೆಯಬೇಕಿತ್ತು. ಹಲ್ಲಿ ಲೊಚಗುಟ್ಟಿದರೂ ನೆಲ ಕುಟ್ಟಿ ದೇವರನ್ನು ನೆನೆಯುವ ಮನೆಯಲ್ಲಿ ಬೆಳೆದವಳು ನಾನು. ಆದರೆ ವಯಸ್ಸು ಐವತ್ತರ ಹತ್ತಿರ ಬಂದಿತ್ತು, ಕಾದಂಬರಿ ಬರೆಯಬೇಕೆಂಬ ಹುಚ್ಚು ಬಿಟ್ಟಿರಲಿಲ್ಲ, ಫೀಸೂ ಕಟ್ಟಿ ಆಗಿತ್ತು.

ಶನಿವಾರ ಬೆಳಿಗ್ಗೆ ಕೊಚ್ಚಿಯ ವೈಟ್ಟಿಲದ ಬಸ್ ನಿಲ್ದಾಣದ ಹತ್ತಿರ, ಒಂದು ಬೇಕರಿಯ ಮೇಲಿನ ಕೋಣೆಯಲ್ಲಿ ಕ್ಲಾಸು. ಕೆಳಗಿನಿಂದ ಪಫ್ಸ್ ಬೇಯುವ ವಾಸನೆ ಬರುತ್ತಿತ್ತು, ಮೇಲೆ ನಾವು ಲೋಕಗಳನ್ನು ಸೃಷ್ಟಿಸುತ್ತಿದ್ದೆವು. ಟೀಚರ್ ಬಿಳಿ ಹಲಗೆಯ ಮೇಲೆ ಒಂದು ಮರ ಬರೆದು ಅದರ ಕೊಂಬೆಗಳನ್ನು ವಿವರಿಸಿದರು. ಇಡೀ ಲೋಕವನ್ನೇ ಕಟ್ಟಿ ಅದಕ್ಕೆ ನಕ್ಷೆ, ರಾಜವಂಶ, ಯುದ್ಧ ಎಲ್ಲ ಕೊಟ್ಟರೆ ಅದು ಎಪಿಕ್. ನಾವು ಓಡಾಡುವ ಬೀದಿಯಲ್ಲೇ, ನಾವು ಹತ್ತುವ ಬಸ್ಸಿನಲ್ಲೇ ಮಾಯೆ ನಡೆದರೆ ಅರ್ಬನ್. ಒಂದು ಬಾಗಿಲು ತೆರೆದು ಬೇರೆ ಲೋಕಕ್ಕೆ ಕಾಲಿಟ್ಟರೆ ಪೋರ್ಟಲ್. ಚಹಾದಂಗಡಿ ನಡೆಸುವ ಮಾಟಗಾತಿ ಇದ್ದು ಯಾರೂ ಸಾಯದಿದ್ದರೆ ಕೋಜಿ. ಓದಿದವರು ಲೈಟು ಆರಿಸಲು ಹೆದರಿದರೆ ಡಾರ್ಕ್. ಏಲೂರಿನ ಕಾರ್ಖಾನೆಯಲ್ಲಿ ಕೆಲಸ ಮಾಡುವ ಸಹಪಾಠಿಯೊಬ್ಬರು ಹೊಗೆ ಕುಡಿದು ಬದುಕುವ ಡ್ರ್ಯಾಗನ್ ಸಾಕುತ್ತಿದ್ದರು. ಅದು ಯಾವ ಕೊಂಬೆಗೆ ಸೇರುತ್ತದೆ ಎಂದು ಅವರೂ ಟೀಚರೂ ಅರ್ಧ ಗಂಟೆ ವಾದ ಮಾಡಿದರು.

ನನ್ನ ಕಾದಂಬರಿಯಲ್ಲಿ ಡ್ರ್ಯಾಗನ್ ಇರಲಿಲ್ಲ, ನಮ್ಮ ಮನೆಯ ದೈವ ಇತ್ತು. ಕಾಸರಗೋಡಿನ ಕಡೆಯ ಹಳೆಯ ಮನೆಗಳಿಗೆ ಒಂದೊಂದು ದೈವ ಇರುತ್ತದೆ. ಅಂಗಳದ ಮೂಲೆಯಲ್ಲಿ ಅದರ ಹೆಸರಿನ ಒಂದು ಕಲ್ಲು, ವರ್ಷಕ್ಕೊಮ್ಮೆ ಅದಕ್ಕೆ ಸಲ್ಲಬೇಕಾದ ಎಳನೀರು, ಹೂವು, ಊಟ. ಅದು ಕಾಯುತ್ತದೆ, ಮರೆತರೆ ಕಾಡುತ್ತದೆ. ನನ್ನ ಕಥೆಯಲ್ಲಿ ಒಂದು ಸಂಸಾರ ಊರು ಬಿಟ್ಟು ಕೊಚ್ಚಿಗೆ ಬರುತ್ತದೆ, ಆದರೆ ಹೊರಡುವ ಮುಂಚೆ ದೈವಕ್ಕೆ ಹೇಳುವುದಿಲ್ಲ. ಅದು ಹುಡುಕಿಕೊಂಡು ವೈಟ್ಟಿಲಕ್ಕೆ ಬಂದು ಇಳಿಯುತ್ತದೆ. ಅರ್ಬನ್ ಮತ್ತು ಡಾರ್ಕ್ ಎರಡೂ ಆಯಿತು ಎಂದು ಟೀಚರ್ ಖುಷಿಪಟ್ಟರು.

ನಾನು ಮಾತ್ರ ಒಂದು ಪ್ರಶ್ನೆ ಕೇಳಿದೆ. ನಿಜವಾಗಿಯೂ ಇದೆ ಎಂದು ನಂಬಿರುವುದನ್ನು ಬರೆದರೆ ಅದು ಫ್ಯಾಂಟಸಿ ಆಗುತ್ತದೆಯೆ? ಬರೆಯುವವರಿಗೂ ಓದುವವರಿಗೂ ಇದು ಕಲ್ಪನೆ ಎಂದು ಗೊತ್ತಿದ್ದರೆ ಸಾಕು, ಅದೇ ಇಬ್ಬರ ನಡುವಿನ ಒಪ್ಪಂದ ಎಂದು ಅವರು ಹೇಳಿದರು. ಒಪ್ಪಂದ ಎಂದರೆ ನನಗೆ ಸಮಾಧಾನ. ಕಾಸರಗೋಡಿನ ಭೂಮಿ ವ್ಯಾಜ್ಯಗಳು ಮೇಲ್ಮನವಿಗೆ ಕೊಚ್ಚಿಗೆ ಬಂದಾಗ ಜೊತೆಗೆ ಬರುವ ಹಳೆಯ ಕನ್ನಡ ಪತ್ರಗಳನ್ನು ಇಂಗ್ಲಿಷಿಗೆ ಮಾಡಿಕೊಡುವುದು ನನ್ನ ಹೊಟ್ಟೆಪಾಡು. ಯಾರು ಯಾರಿಗೆ ಏನು ಕೊಟ್ಟರು ಎಂದು ಬರೆದ ಮೇಲೆ ಆ ಮಾತು ಮೊಮ್ಮಕ್ಕಳನ್ನೂ ಬಿಡುವುದಿಲ್ಲ ಎಂಬುದನ್ನು ದಿನಾ ನೋಡುವವಳು ನಾನು. ಆದರೂ ಆ ದಿನ ನನಗೆ ಅದು ನೆನಪಾಗಲಿಲ್ಲ.

ಮುಂದಿನ ಶನಿವಾರ ಟೀಚರ್ ಮಾಯೆಯ ಬೆಲೆಯ ಬಗ್ಗೆ ಪಾಠ ಮಾಡಿದರು. ಕಥೆಯಲ್ಲಿ ಮಾಯೆ ಪುಕ್ಕಟೆ ಸಿಗಬಾರದು, ಪಾತ್ರ ಏನನ್ನಾದರೂ ಕೊಡಬೇಕು. ನಿಮಗೆ ನೋವಾಗದ ಬೆಲೆ ಓದುವವರಿಗೂ ನೋವಾಗುವುದಿಲ್ಲ, ಆದ್ದರಿಂದ ನೀವು ಕಳೆದುಕೊಳ್ಳಲು ಅತಿ ಹೆಚ್ಚು ಹೆದರುವುದನ್ನೇ ಇಡಿ ಎಂದರು. ಪಾತ್ರ ಬೆಲೆ ಒಪ್ಪಿಕೊಳ್ಳುವ ಆ ಒಂದು ಅಧ್ಯಾಯವನ್ನು 'ನಾನು' ಎಂದು ಬರೆದುಕೊಂಡು ಬರಬೇಕಿತ್ತು.

ನನಗೆ ಹೆಚ್ಚು ಯೋಚಿಸಬೇಕಾಗಲಿಲ್ಲ. ನನಗಿರುವುದು ಒಬ್ಬಳೇ ಮಗಳು. ಅವಳ ಅಪ್ಪನ ಕೆಲಸ ತಿರುವನಂತಪುರದ ಬಾಹ್ಯಾಕಾಶ ಸಂಸ್ಥೆಯಲ್ಲಿ, ಅವಳು ಅವನ ಜೊತೆ ಅಲ್ಲೇ ಇದ್ದು ಮಲಯಾಳದ ಕಥೆ ಕಾದಂಬರಿಗಳನ್ನು ಓದಿ ಧ್ವನಿಮುದ್ರಿಸುವ ಕೆಲಸ ಮಾಡುತ್ತಾಳೆ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ. ಅವಳ ಸ್ವರ ಕೇಳಿದರೆ ಪಕ್ಕದ ಮನೆಯ ನಾಯಿಯೂ ಬೊಗಳುವುದು ನಿಲ್ಲಿಸುತ್ತದೆ ಎಂದು ನನ್ನ ಗಂಡ ತಮಾಷೆ ಮಾಡುತ್ತಾನೆ. ದೈವ ಮುನಿಸು ಬಿಡಲಿ ಎಂದು ನನ್ನ ನಾಯಕಿ ತನ್ನ ಮಗಳ ಸ್ವರವನ್ನು ಅದಕ್ಕೆ ಬಿಟ್ಟುಕೊಟ್ಟಳು.

ಮಾತುಗಳನ್ನು ನಾನು ಕಟ್ಟಲಿಲ್ಲ. ಹರಕೆ ಹೊರುವಾಗ ನನ್ನ ಅಜ್ಜ ಹೇಳುತ್ತಿದ್ದ ಕ್ರಮವನ್ನೇ ಹಾಗೆ ಎತ್ತಿಕೊಂಡೆ. ಮೊದಲು ಮನೆ ಯಾವುದು, ಯಾರ ಮಗಳು ಎಂದು ಹೇಳಬೇಕು. ಆಮೇಲೆ ಯಾವ ದಿಕ್ಕಿಗೆ ಮುಖಮಾಡಿ ನಿಂತಿದ್ದೇನೆ, ಏನು ಬೇಡುತ್ತೇನೆ, ಏನು ಕೊಡುತ್ತೇನೆ. ಕೊನೆಗೆ, 'ನಾನು ಮರೆತರೆ ನೀನು ನೆನಪು ಮಾಡಿಕೊಡು.' ಚಿಕ್ಕಂದಿನಲ್ಲಿ ಆ ಕೊನೆಯ ಮಾತು ಕೇಳಿದರೆ ನನಗೆ ಮೈ ಜುಮ್ಮೆನ್ನುತ್ತಿತ್ತು. ಕಾದಂಬರಿಗೆ ಅದಕ್ಕಿಂತ ಒಳ್ಳೆಯ ಸಾಲು ಎಲ್ಲಿ ಸಿಗುತ್ತದೆ ಎಂದು ಬೀಗಿದೆ.

ನನ್ನ ತಾಯಿ ನನ್ನ ಜೊತೆ ಕೊಚ್ಚಿಯ ಫ್ಲ್ಯಾಟಿನಲ್ಲಿ ಇದ್ದಾರೆ. ದೈವ ನಮ್ಮ ಮನೆಗೆ ಹೇಗೆ ಬಂತು ಎಂಬ ಕಥೆಯನ್ನು ಪೂರ್ತಿ ಬಲ್ಲವರು ಈಗ ಅವರೊಬ್ಬರೇ. ಮೊದಲರ್ಧ ಹೇಳಿದ್ದರು. ನಮ್ಮ ಹಿರಿಯಳೊಬ್ಬಳು ಬುಟ್ಟಿ ಹೊತ್ತು ಹೊಳೆ ದಾಟುತ್ತಾಳೆ, ನಡುನೀರಿನಲ್ಲಿ ಬುಟ್ಟಿ ಭಾರವಾಗುತ್ತದೆ, ಅವಳು ತಿರುಗಿ ನೋಡುತ್ತಾಳೆ. ತಿರುಗಿ ಏನು ಕಂಡಳು, ಅದಕ್ಕೆ ಏನು ಮಾತು ಕೊಟ್ಟಳು ಎಂದು ಕೇಳಿದರೆ, "ಅದನ್ನು ಮತ್ತೆ ಹೇಳ್ತೇನೆ, ಈಗ ಕೆಲಸ ಉಂಟು" ಅನ್ನುತ್ತಿದ್ದರು. ನನ್ನ ಕಾದಂಬರಿಯ ಮೂರನೆಯ ಭಾಗ ಆ ಉತ್ತರಕ್ಕೆ ಕಾದು ಕೂತಿತ್ತು.

ಅಧ್ಯಾಯ ಮುಗಿದ ಸಂಜೆ ಅಮ್ಮ ಆಗಷ್ಟೇ ದೀಪ ಹಚ್ಚಿ, ಹಲಸಿನ ಬೀಜದ ಸಿಪ್ಪೆ ತೆಗೆಯುತ್ತಾ ಕೂತಿದ್ದರು. ಸೆಖೆ ಎಂದು ಬಾಲ್ಕನಿಯ ಬಾಗಿಲು ತೆರೆದಿತ್ತು. ನಾನು ಅಲ್ಲೇ ನಿಂತು ಗಟ್ಟಿಯಾಗಿ ಓದಿದೆ. ಆ ಬಾಲ್ಕನಿ ಇರುವುದು ಬಡಗು ದಿಕ್ಕಿಗೆ, ಉತ್ತರದಲ್ಲಿರುವ ನಮ್ಮ ಊರಿನ ಕಡೆಗೆ. ಮರೆತರೆ ನೆನಪು ಮಾಡಿಕೊಡು ಎಂಬಲ್ಲಿಗೆ ಬಂದು ತಲೆಯೆತ್ತಿದಾಗ ಅಮ್ಮನ ಕೈ ನಿಂತಿತ್ತು.

"ಇದನ್ನು ಯಾರು ಹೇಳುದು?" ಎಂದು ಕೇಳಿದರು.

"ಕಥೆಯಲ್ಲಿ ಬರುವ ಹೆಂಗಸು."

"ನಾನು ಅಂತ ಓದಿದಿ. ನಮ್ಮ ಮನೆ ಹೇಳಿದಿ, ನನ್ನ ಮಗಳ ಸ್ವರ ಕೊಡ್ತೇನೆ ಅಂತ ಹೇಳಿದಿ. ದೀಪ ಹಚ್ಚಿ ಆಗಿದೆ."

ಆಗ ನೆನಪಾಯಿತು. ನಮ್ಮ ಮನೆಯಲ್ಲಿ ದೀಪ ಹಚ್ಚಿದ ಮೇಲೆ ಮಕ್ಕಳು ಸುಳ್ಳುಸುಳ್ಳೇ ಆಡುವ ಹಾಗಿರಲಿಲ್ಲ. ರಾಜ, ರಾಣಿ, ಕಳ್ಳ ಎಲ್ಲ ಹಗಲಿಗೆ. ಆ ಹೊತ್ತಿನಲ್ಲಿ ಆಡಿದ್ದನ್ನು ಆಡಿದ ಹಾಗೇ ಕೇಳಿಸಿಕೊಳ್ಳುವವರು ಇರುತ್ತಾರೆ ಎಂದು ನಂಬಿಕೆ. ನಾನು ನಕ್ಕೆ. ಇದು ಕಾದಂಬರಿ ಅಮ್ಮ, ಬರೆದವಳಿಗೂ ಓದುವವರಿಗೂ ಸುಳ್ಳು ಎಂದು ಗೊತ್ತಿರುತ್ತದೆ ಎಂದು ಟೀಚರ್ ಹೇಳಿದ್ದನ್ನೇ ಒಪ್ಪಿಸಿದೆ.

"ಸುಳ್ಳು ಅಂತ ನಿನಗೆ ಗೊತ್ತುಂಟು ಮಗಾ," ಅಂದರು ಅಮ್ಮ. "ಅದಕ್ಕೆ ಗೊತ್ತಾಗ್ಬೇಕಲ್ಲ?"

ಆಮೇಲೆ ಕೆಲವು ವಾರ ಏನೂ ಆಗಲಿಲ್ಲ. ಅಧ್ಯಾಯವನ್ನು ಕ್ಲಾಸಿನಲ್ಲಿ ಇಂಗ್ಲಿಷಿಗೆ ತಿರುಗಿಸಿ ಹೇಳಿದೆ, ಡ್ರ್ಯಾಗನ್ ಸಾಕುವವರು ಕೂಡ ಹೆದರಿಕೆ ಆಯಿತು ಎಂದರು. ನಾನು ಹಿಗ್ಗಿಹೋದೆ. ಒಂದು ಮಧ್ಯಾಹ್ನ ತಿರುವನಂತಪುರದಿಂದ ಫೋನ್ ಬಂತು. ಪರದೆಯ ಮೇಲೆ ಮಗಳ ಹೆಸರು ಇತ್ತು, ಆ ಸ್ವರ ಮಾತ್ರ ನನಗೆ ಗುರುತು ಸಿಗಲಿಲ್ಲ. ಒಡೆದು, ಒಣಗಿ, ಯಾರೋ ಹಣ್ಣು ಮುದುಕಿ ಮಾತಾಡಿದ ಹಾಗಿತ್ತು. ತಿಂಗಳಿಂದ ಗಂಟಲು ಕಟ್ಟಿದೆ, ಅದಕ್ಕೇ ಬರೀ ಮೆಸೇಜ್ ಮಾಡುತ್ತಿದ್ದೆ, ಡಾಕ್ಟರಿಗೆ ತೋರಿಸಿದೆ, ಥೈರಾಯ್ಡಿನಲ್ಲಿ ಗಡ್ಡೆ ಇದೆಯಂತೆ, ತೆಗೆಯಬೇಕಂತೆ ಎಂದಳು. ಸ್ವರದ ನರ ಅದಕ್ಕೆ ಅಂಟಿಕೊಂಡೇ ಹೋಗುತ್ತದಂತೆ. ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಆದರೆ ಸ್ವರ ಮೊದಲಿನಂತೆ ಇದ್ದೇ ಇರುತ್ತದೆ ಎಂದು ಬರೆದುಕೊಡಲು ಆಗುವುದಿಲ್ಲ ಎಂದರಂತೆ ಡಾಕ್ಟರು.

ಫೋನ್ ಇಟ್ಟವಳೇ ಲ್ಯಾಪ್‌ಟಾಪ್ ತೆರೆದು ಆ ಅಧ್ಯಾಯವನ್ನು ಅಳಿಸಿದೆ. ನಾಲ್ಕಕ್ಷರ ಓದಿದವಳು, ಕೋರ್ಟಿನ ಕಾಗದಗಳನ್ನು ಅನುವಾದಿಸುವವಳು, ಹುಚ್ಚಿಯ ಹಾಗೆ ಕಸದ ಬುಟ್ಟಿಯನ್ನೂ ಖಾಲಿ ಮಾಡಿದೆ. ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಅಳಿಸಿದ್ರೆ ಎಂತ ಆಯ್ತು? ನೀನು ಓದಿದ್ದನ್ನು ನಾನು ಕೇಳಿದ್ದೇನೆ. ನನ್ನ ಕಿವಿಯಿಂದ ಹೇಗೆ ಅಳಿಸ್ತಿ?"

ಮಗಳಿಗೆ ಹೇಳಬಾರದು ಎಂದುಕೊಂಡರೂ ಮಾರನೆಯ ದಿನ ಎಲ್ಲ ಹೇಳಿ ಅತ್ತೆ. ಅವಳು ಆ ಒಡಕು ಸ್ವರದಲ್ಲೇ ನಕ್ಕಳು. ಗಡ್ಡೆ ಬೆಳೆಯಲು ಎಷ್ಟೋ ಕಾಲ ಬೇಕು, ನೀನು ಬರೆಯುವ ಮುಂಚೆಯೇ ಅದು ಅಲ್ಲಿತ್ತು, ನಿನ್ನ ದೈವದ ಮೇಲೆ ಕೇಸು ನಿಲ್ಲುವುದಿಲ್ಲ ಎಂದಳು. ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನಾನು ಒಪ್ಪಿದೆ, ಫೋನ್ ಇಟ್ಟೆ, ಮತ್ತೆ ಹೆದರಿದೆ. ಬಸ್ಸಿನಲ್ಲಿ, ಕಚೇರಿಯಲ್ಲಿ, ಅನ್ನ ಬಸಿಯುವಾಗ, ನಾನು ಇಟ್ಟ ಬೆಲೆಯನ್ನು ಯಾರೋ ನಿಧಾನವಾಗಿ ವಸೂಲಿ ಮಾಡುತ್ತಿದ್ದಾರೆ ಎಂಬ ಒಂದೇ ಯೋಚನೆ. ವೈಟ್ಟಿಲದಲ್ಲಿ ಬಸ್ಸಿಳಿದವರ ಗುಂಪನ್ನು ಕಣ್ಣೆತ್ತಿ ನೋಡಲು ಧೈರ್ಯ ಸಾಲದೆ ಎರಡು ಶನಿವಾರ ಕ್ಲಾಸಿಗೇ ಹೋಗಲಿಲ್ಲ. ದೈವವನ್ನು ಅಲ್ಲಿ ಇಳಿಸಿದವಳು ನಾನೇ ತಾನೆ?

ಆಪರೇಷನ್ನಿಗೆ ಹೊರಡುವ ಹಿಂದಿನ ಸಂಜೆ ಅಮ್ಮ ದೀಪ ಹಚ್ಚಿದರು. ಒಂದು ಎಳನೀರನ್ನು ಬಾಲ್ಕನಿಯಲ್ಲಿಟ್ಟು ಬಡಗು ಮುಖವಾಗಿ ನಿಂತರು. ತುಟಿ ಅಲ್ಲಾಡುವುದು ಕಾಣುತ್ತಿತ್ತು, ಮಾತು ಕೇಳಿಸಲಿಲ್ಲ. ಕೊನೆಯಲ್ಲಿ ಅಜ್ಜನ ಹಾಗೆಯೇ ಬಗ್ಗಿ ನೆಲ ಮುಟ್ಟಿದರು.

"ಏನು ಹೇಳಿಕೊಂಡಿರಿ ಅಮ್ಮ?"

"ನೀನು ಹೇಳಿದ್ದನ್ನು ಬಿಡಿಸಿಕೊಂಡೆ."

"ಹಾಗೆ ಸುಮ್ಮನೆ ಬಿಡುತ್ತದೆಯೆ?"

"ಸುಮ್ಮನೆ ಯಾರು ಬಿಡ್ತಾರೆ?" ಎಂದು ಎಳನೀರು ಎತ್ತಿಕೊಂಡು ಒಳಗೆ ಹೋದರು.

ತಿರುವನಂತಪುರದ ಆಸ್ಪತ್ರೆಯಲ್ಲಿ ಮಗಳನ್ನು ಬೆಳಿಗ್ಗೆ ಒಳಗೆ ಕರೆದುಕೊಂಡು ಹೋದರು. ಹೋಗುವಾಗ ಅವಳು ನನ್ನ ಮುಖ ನೋಡಿ, "ಪೇಡಿಕ್ಕಂಡ ಅಮ್ಮೇ" ಅಂದಳು, ಹೆದರಬೇಡ ಎಂದು. ಅದೇ ಅವಳ ಸ್ವರದ ಕೊನೆಯ ಮಾತಾದರೆ? ಗಂಡ ಸುಮ್ಮನೆ ಕೂರಲಾರದೆ ಚಾಲೈ ಪೇಟೆಗೆ ಹೋಗಿ ಫ್ಲಾಸ್ಕು ತಂದ. ಮನೆಯಲ್ಲಿ ಎರಡು ಇದ್ದವು. ಅಮ್ಮ ಮಾತ್ರ ಬೆಂಚಿನ ಮೇಲೆ ನೆಟ್ಟಗೆ ಕೂತಿದ್ದರು, ಲೆಕ್ಕ ಚುಕ್ತಾ ಮಾಡಿ ಬಂದವರ ಹಾಗೆ.

ಮಧ್ಯಾಹ್ನ ನಮ್ಮನ್ನು ಒಳಗೆ ಬಿಟ್ಟರು. ಡಾಕ್ಟರು ಬಗ್ಗಿ, ಹೆಸರು ಹೇಳಮ್ಮ ಎಂದರು. ಕತ್ತಿಗೆ ಪಟ್ಟಿ ಕಟ್ಟಿಕೊಂಡ ನನ್ನ ಮಗಳು ಬಾಯಿ ತೆರೆದಳು. ಮೊದಲು ಬರೀ ಗಾಳಿ ಬಂತು. ನಾನು ಮಂಚದ ಕಂಬಿ ಹಿಡಿದುಕೊಂಡೆ. ಎರಡನೆಯ ಸಲ ಹೆಸರು ಬಂತು, ತೆಳ್ಳಗೆ, ಆದರೆ ಅವಳದೇ ಸ್ವರದಲ್ಲಿ. ನರಕ್ಕೆ ಏನೂ ಆಗಿಲ್ಲ ಎಂದರು ಡಾಕ್ಟರು. ಗಡ್ಡೆಯಲ್ಲೂ ಕೆಟ್ಟದ್ದೇನೂ ಇಲ್ಲ ಎಂದು ಆಮೇಲೆ ರಿಪೋರ್ಟು ಬಂತು. ನಾನು ಅತ್ತೆ, ಗಂಡ ಅತ್ತ. ಅಮ್ಮ ಮೊಮ್ಮಗಳ ಪಾದ ಸವರುತ್ತಾ ನಿಂತಿದ್ದರು.

ಮನೆಗೆ ಬಂದ ಮೇಲೆ ಮಗಳು ಕೆಲವು ದಿನ ಹೆಚ್ಚು ಮಾತಾಡುವ ಹಾಗಿರಲಿಲ್ಲ. ಬೇಸರ ಕಳೆಯಲು ಅಜ್ಜಿಯನ್ನು ಹಾಸಿಗೆಯ ಪಕ್ಕ ಕೂರಿಸಿಕೊಂಡು, ಫೋನಿನಲ್ಲಿ ರೆಕಾರ್ಡಿಂಗ್ ಒತ್ತಿ, ಮೆಲ್ಲಗೆ, "ಅಮ್ಮಮ್ಮೇ, ಆ ಹೊಳೆಯ ಕಥ ಪರ" ಅಂದಳು, ಕಥೆ ಹೇಳು ಎಂದು. ನಮ್ಮ ಹಿರಿಯಳು ತಿರುಗಿ ನೋಡಿದ ಮೇಲಿನದನ್ನು ಹೇಳು ಎಂದು ಕೈಸನ್ನೆ ಮಾಡಿದಳು. ಅಮ್ಮ ಅವಳ ತಲೆ ನೇವರಿಸಿದರು. ಹಳೆಯ ಮನೆಯ ಕಂಚಿನ ಪಾತ್ರೆಗಳ ಸುದ್ದಿ, ಅಜ್ಜನ ಮುಂಗೋಪದ ಸುದ್ದಿ ಎಲ್ಲ ಹೇಳಿದರು, ಹೊಳೆಯ ಹತ್ತಿರ ಮಾತ್ರ ಹೋಗಲಿಲ್ಲ. ಮಗಳು ಮತ್ತೆ ಕೇಳಿದಾಗ ಅಮ್ಮ ನನ್ನ ಕಡೆ ನೋಡಿದರು. ಆಗ ನನಗೆ ಅರ್ಥವಾಯಿತು.

"ದೈವಕ್ಕೆ ಆ ಕಥೆಯನ್ನೇ ಕೊಟ್ಟುಬಿಟ್ಟಿರಾ?" ಎಂದೆ.

"ಸ್ವರ ಬಿಡಿಸಬೇಕಾದ್ರೆ ಸ್ವರದ್ದೇ ಏನಾದ್ರೂ ಕೊಡಬೇಕಲ್ಲ. ನನ್ನ ಹತ್ರ ಬೇರೆ ಎಂತ ಉಂಟು?" ಅಂದರು. "ಇನ್ನು ಅದು ನನ್ನ ಬಾಯಿಂದ ಬರುದಿಲ್ಲ. ಕೇಳಬೇಡಿ."

ಅಮ್ಮನಿಗೆ ಎಂಬತ್ತು ದಾಟಿದೆ. ಅವರ ಜೊತೆಗೆ ಆ ಕಥೆ ಹೋಗುತ್ತದೆ ಎಂದು ಅವರಿಗೂ ನಮಗೂ ಗೊತ್ತು. ಟೀಚರ್ ಇದನ್ನೆಲ್ಲ ಕೇಳಿ, ಗೊತ್ತಿಲ್ಲದ ಅರ್ಧವನ್ನು ಊಹಿಸಿ ಬರೆಯಿರಿ, ಫ್ಯಾಂಟಸಿ ಇರುವುದೇ ಅದಕ್ಕೆ ಎಂದರು. ಅಮ್ಮನ ಒಪ್ಪಿಗೆ ಕೇಳಿದೆ. "ಬರಿ ಮಗಾ, ಬೇಡ ಅಂತ ನಾನು ಹೇಳುದಿಲ್ಲ," ಅಂದರು. "ಆದ್ರೆ ಸರಿಯಾಗಿ ಊಹಿಸಬೇಡ. ಕೊಟ್ಟದ್ದನ್ನು ಕದ್ದ ಹಾಗೆ ಆಗ್ತದೆ."

ಈಗ ನಾನು ಹಗಲಿನಲ್ಲೇ ಬರೆಯುತ್ತೇನೆ, ಹಗಲಿನಲ್ಲೇ ಅವರಿಗೆ ಓದುತ್ತೇನೆ, 'ಅವಳು' ಎಂದೇ ಓದುತ್ತೇನೆ. ಸರಿ, ತಪ್ಪು ಎಂದು ಅವರು ಹೇಳುವ ಹಾಗಿಲ್ಲ. ಬೀನ್ಸು ಮುರಿಯುತ್ತಾ, ಬತ್ತಿ ಹೊಸೆಯುತ್ತಾ ಕೇಳುತ್ತಾರೆ, ನಾನು ಅವರ ಕೈಯನ್ನೇ ನೋಡುತ್ತಾ ಓದುತ್ತೇನೆ. ಹೊಳೆಯ ನಡುವೆ ಅವಳು ಹಾವನ್ನು ಕಂಡಳು ಎಂದು ಬರೆದೆ, ಕೈ ನಡೆಯುತ್ತಲೇ ಇತ್ತು. ಬೆಂಕಿ ಕಂಡಳು ಎಂದು ಬರೆದೆ, ಆಗಲೂ ನಡೆಯುತ್ತಲೇ ಇತ್ತು. ಕಳೆದ ವಾರ ಬೇರೊಂದು ಬರೆದೆ. ಓದುತ್ತಾ ಎರಡನೆಯ ಪುಟಕ್ಕೆ ಬಂದಾಗ ಅಮ್ಮನ ಬೆರಳ ನಡುವೆ ಬತ್ತಿ ನಿಂತಿತು.

ನಾನು ಓದುವುದನ್ನು ಅಲ್ಲಿಗೇ ನಿಲ್ಲಿಸಿದೆ. ಅಮ್ಮ ಬಾಲ್ಕನಿಯ ಬಾಗಿಲು ಹಾಕಿ ಬಂದರು. ಹೊಳೆಯ ನಡುವೆ ಅವಳು ಕಂಡದ್ದೇನು ಎಂದು ಕಾದಂಬರಿಯಲ್ಲಿ ಇರುವುದಿಲ್ಲ, ಇಲ್ಲಿಯೂ ನಾನು ಬರೆಯುವುದಿಲ್ಲ.