ಬೈಸ್ಟಾಂಡರ್ ಯಾರು?

ಕಡಬದ ಶಾಲೆಯೊಂದರಲ್ಲಿ ನಾನು ಇಂಗ್ಲಿಷ್ ಟೀಚರ್. ಕಳೆದ ವರ್ಷ ರಬ್ಬರ್ ಟ್ಯಾಪಿಂಗಿಗೆ ಹೋದ ಅಕ್ಕನಿಗೆ ಕಣಜದ ಹುಳುಗಳು ಕಚ್ಚಿ, ಮುಖ ಊದಿ, ಉಸಿರಾಡುವುದೇ ಕಷ್ಟವಾಯಿತು. ಪಕ್ಕದ ಮನೆಯವರ ಜೀಪಿನಲ್ಲಿ ಪುತ್ತೂರಿನ ಆಸ್ಪತ್ರೆಗೆ ಕರೆತಂದೆ.

"ಬೈಸ್ಟಾಂಡರ್ ಯಾರು?" ಎಂದು ನರ್ಸ್ ಕೂಗಿದರು. ಯಾರನ್ನು ಕೇಳುತ್ತಿದ್ದಾರೆಂದು ನಾನು ಹಿಂದೆ ತಿರುಗಿ ನೋಡಿದೆ. ಏನೂ ಮಾಡದೆ ದೂರ ನಿಂತು ನೋಡುವವರು ಎಂದೇ ಮಕ್ಕಳಿಗೆ ಆ ಪದದ ಅರ್ಥ ಹೇಳಿಕೊಟ್ಟವಳು ನಾನು.

"ಜೊತೆಗೆ ಬಂದದ್ದು ನೀವೇ ಅಲ್ವಾ? ರೋಗಿಯೊಟ್ಟಿಗೆ ನಿಲ್ಲುವವರಿಗೆ ಇಲ್ಲಿ ಹಾಗೆ ಹೇಳುದು. ಈ ಕಾರ್ಡ್ ಹಾಕ್ಕೊಳ್ಳಿ."

ಕಾರ್ಡನ್ನು ಕೊರಳಿಗೆ ಹಾಕಿಕೊಂಡು ಮಂಚದ ಬಳಿ ನಿಂತೆ. ಇಂಜೆಕ್ಷನ್ ಕೊಟ್ಟಾಗಿತ್ತು. ಅಕ್ಕ ಆಕ್ಸಿಜನ್ ಮಾಸ್ಕ್ ಸರಿಸಿ, "ಎಂತಾದ್ರೂ ಮಾಡು ಮಾರಾಯ್ತಿ, ಉಸಿರು ಸಾಕಾಗುದಿಲ್ಲ" ಎಂದಳು. ಮಾಸ್ಕನ್ನು ಮತ್ತೆ ಮೂಗಿಗಿಟ್ಟು ಅವಳ ಕೈ ಹಿಡಿದುಕೊಂಡೆ. ಡಾಕ್ಟರು ಬಂದಾಗ ಅದನ್ನೂ ಬಿಟ್ಟು ಗೋಡೆಗೆ ಒತ್ತಿ ನಿಂತೆ. ಜೊತೆಗಿದ್ದೆ ನಿಜ, ನೋಡುವುದನ್ನು ಬಿಟ್ಟು ಬೇರೇನೂ ನನ್ನ ಕೈಯಲ್ಲಿರಲಿಲ್ಲ.

ಸಂಜೆಯ ಹೊತ್ತಿಗೆ ಊತ ಇಳಿಯಿತು. "ಹಸಿವಾಗ್ತಾ ಉಂಟು, ಗಂಜಿ ಸಿಗ್ತದಾ ನೋಡು" ಎಂದಳು ಅಕ್ಕ. ನನ್ನಿಂದಾಗುವ ಕೆಲಸವೊಂದು ಸಿಕ್ಕಿತೆಂದು, ಕಣ್ಣೊರೆಸಿಕೊಳ್ಳುತ್ತ ಕ್ಯಾಂಟೀನಿಗೆ ಓಡಿದೆ.