ಬಾಗಿಲ ಮೇಲಿನ ಲೋಳೆಸರ

ಐವತ್ತರ ದಶಕದ ಮೊದಲಲ್ಲಿ ಚಾಮರಾಜಪೇಟೆಯ ನಮ್ಮ ವಠಾರದಲ್ಲಿ ಯಾರಿಗೆ ಏನಾದರೂ ಮೊದಲು ಬರುತ್ತಿದ್ದುದು ನಮ್ಮಕ್ಕನ ಹತ್ತಿರ. ಹಿತ್ತಲಿನ ಒಡಕು ಕುಂಡಗಳೇ ಅವಳ ಔಷಧಿ ಅಂಗಡಿ. ಮಕ್ಕಳಿಗೆ ಕೆಮ್ಮೆಂದರೆ ದೊಡ್ಡಪತ್ರೆ ಎಲೆಯನ್ನು ಕೆಂಡದ ಮೇಲೆ ಬಾಡಿಸಿ, ಹಿಂಡಿ, ರಸಕ್ಕೆ ಜೇನು ಬೆರೆಸಿ ಕೊಡುತ್ತಿದ್ದಳು. ಮಂಡಿನೋವಿನ ಮುದುಕಿಯರಿಗೆ ಮಂಗರವಳ್ಳಿಯ ಎಳೆ ಕಾಂಡವನ್ನು ತುಪ್ಪದಲ್ಲಿ ಹುರಿದು, ಹುಣಿಸೆಹಣ್ಣು ಹಾಕಿ ಚಟ್ನಿ. ಸರಿಯಾಗಿ ಹುರಿಯದಿದ್ದರೆ ಗಂಟಲು ತುರಿಸುತ್ತದೆಂದು ಮೊದಲ ತುತ್ತು ತಾನೇ ತಿಂದು ನೋಡುತ್ತಿದ್ದಳು. ಸುಟ್ಟ ಗಾಯಕ್ಕೆ ಲೋಳೆಸರ. ಕೊಯ್ದ ಕೂಡಲೇ ಹಚ್ಚುವಂತಿಲ್ಲ. ಎಲೆಯನ್ನು ಓರೆಯಾಗಿ ನಿಲ್ಲಿಸಿ, ಹಳದಿ ಕಹಿನೀರು ಸೋರಿಹೋಗಲು ಬಿಟ್ಟು, ತೊಳೆದು, ಆಮೇಲೆ ಒಳಗಿನ ತಿರುಳು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಪಕ್ಕದಲ್ಲಿ ಕೂತು ನೋಡುತ್ತಿದ್ದೆ. ಅವಳ ಬೆರಳುಗಳ ನಿಧಾನ ನನಗೆ ಇಂದಿಗೂ ಬಂದಿಲ್ಲ.

ಅವಳನ್ನು ನೋಡಲು ಬಸವನಗುಡಿಯಿಂದ ಗಂಡಿನ ಕಡೆಯವರು ಬರುವ ದಿನ. ಅಮ್ಮ ಬೆಳ್ಳಿ ಲೋಟ ಕೇಳಿ ತರಲು ಪಕ್ಕದ ಬೀದಿಗೆ ಹೋಗಿದ್ದಳು. ಅಕ್ಕ ಬಜ್ಜಿ ಕರಿಯುತ್ತಿದ್ದಾಗ ಎಣ್ಣೆ ಸಿಡಿದು ಮುಂಗೈ ಸುಟ್ಟಿತು. ಕುಂಡದ ಲೋಳೆಸರವನ್ನೆಲ್ಲ, ವಠಾರದ ಒಂದು ಮಗುವಿನ ಮೇಲೆ ಬಿಸಿನೀರು ಚೆಲ್ಲಿದಾಗ ಅವಳೇ ಕೊಟ್ಟು ಮುಗಿಸಿದ್ದಳು.

“ಬಾಗಿಲ ಮೇಲೆ ಕಟ್ಟಿದೀವಲ್ಲ, ಅದ್ರಲ್ಲೊಂದು ಎಲೆ ಕುಯ್ಕೊಂಡ್ ಬಾರೇ, ಉರೀತಿದೆ,” ಅಂದಳು.

ದೃಷ್ಟಿಗೆಂದು ತಲೆಕೆಳಗಾಗಿ ಕಟ್ಟಿದ್ದ ಆ ಗಿಡ ಮಣ್ಣೂ ನೀರೂ ಇಲ್ಲದೆ ಹೂವಿನ ಕಡ್ಡಿ ಬಿಟ್ಟಿತ್ತು. ಹಾಗೆ ಬಿಟ್ಟರೆ ಮನೆಯಲ್ಲಿ ಮದುವೆ ನಡೆಯುತ್ತದೆಂದು ಅಮ್ಮ ಹಿಗ್ಗಿದ್ದಳು. ಗಿಡಕ್ಕೆ ಕತ್ತಿ ತಗುಲಿದರೆ ಸಂಬಂಧ ಮುರಿದೀತು ಅಂದುಕೊಂಡೆ. ಅಕ್ಕನ ಒಳ್ಳೆಯದಕ್ಕೆ ಮಾತ್ರವಲ್ಲ. ಅವಳದಾದ ಮೇಲೇ ನನ್ನ ಸರದಿ. ಸ್ಟೂಲು ಹತ್ತಿ, ಮೊಗ್ಗು ನೋಡಿ, ಇಳಿದು ಬಂದೆ.

“ಎಲ್ಲ ಒಣಗೋಗಿದೆ ಅಕ್ಕ.”

ಅವಳು ಕೈ ಮೇಲೆ ತಣ್ಣೀರು ಸುರಿದುಕೊಂಡು ಮತ್ತೆ ಬಾಣಲೆಯ ಮುಂದೆ ಕೂತಳು.

ಸಂಜೆ ಬೊಬ್ಬೆ ಎದ್ದ ಕೈಯಲ್ಲೇ ತಿಂಡಿ ತಂದಿಟ್ಟಳು. ಗಂಡಿನ ತಾಯಿಯ ಕಣ್ಣಿಗೆ ಅದು ಬಿತ್ತು.

“ಏನಮ್ಮ ಇದು, ಲೋಳೆಸರ ಹಚ್ಚಬಾರ್ದಿತ್ತಾ? ಬಾಗಿಲಲ್ಲೇ ಕೊಬ್ಬಿಕೊಂಡು ತೂಗ್ತಾ ಇದೆ, ನಮ್ಮ ಯಜಮಾನ್ರ ತಲೆ ಮೇಲೇ ಬೀಳೋ ಹಾಗೆ!”

ಎಲ್ಲರೂ ನಕ್ಕರು. ಅಕ್ಕ ನನ್ನತ್ತ ಒಮ್ಮೆ ನೋಡಿದಳು.

“ಹೂ ಬಿಟ್ಟಿತ್ತು. ನಂಗೇ ಕುಯ್ಯೋಕೆ ಮನಸ್ಸು ಬರ್ಲಿಲ್ಲ,” ಅಂದಳು.

ಅವರು ಹೋದ ಮೇಲೆ ತಾನೇ ಸ್ಟೂಲು ಹತ್ತಿ, ಒಂದು ಎಲೆ ಕೊಯ್ದು ನನ್ನ ಕೈಗೆ ಕೊಟ್ಟಳು. ಹಳದಿ ನೀರು ಸೋರುವ ತನಕ ಇಬ್ಬರೂ ಬಚ್ಚಲಿನ ಹತ್ತಿರ ಕೂತಿದ್ದೆವು. ತಪ್ಪಾಯಿತು ಅನ್ನಲು ಬೇಕಾದಷ್ಟು ಹೊತ್ತಿತ್ತು, ಅನ್ನಲಿಲ್ಲ. ತಿರುಳು ಹಚ್ಚುತ್ತ, “ಕಲೆ ಹೋಗುತ್ತಾ?” ಅಂದೆ.

“ಹೋಗಲ್ಲ. ಅಷ್ಟು ಒತ್ಬೇಡ ಕಣೇ, ನಿಧಾನ.”

ಗಂಡಿನ ಕಡೆಯವರು ಹೇಳಿ ಕಳಿಸಲಿಲ್ಲ. ಕೈ ನೋಡಿಯೋ, ಜಾತಕ ಕೂಡದೆಯೋ, ಗೊತ್ತಾಗಲಿಲ್ಲ. ಅಕ್ಕನ ಮದುವೆ ಬಹಳ ತಡವಾಗಿ ನಡೆಯಿತು. ಬಳೆ ತೊಡಿಸುವಾಗ ಆ ಕಲೆಯನ್ನು ನಾನೇ ಸೆರಗಿನಿಂದ ಮರೆಮಾಡಿದೆ. ಬಾಗಿಲ ಮೇಲಿನ ಹೂ ಮಾತ್ರ, ಆವತ್ತು ಎಲೆ ಕೊಯ್ದ ಮೇಲೂ, ಪೂರ್ತಿ ಅರಳಿತ್ತು.