ಗುಳಿಗೆಗಳ ವಾರಬಂದಿ

ಹೋದ ವರ್ಷ ಮಳೆಗಾಲಕ್ಕೆ ಮುಂಚೆ ನನ್ನ ಬಾಯಿ ಬಂದ್ ಆಗಿತ್ತು. ಶಹಾಪುರದ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರನಿಂದ ಹಿಡಿದು ಚಹಾದಂಗಡಿಯವನವರೆಗೆ ಎಲ್ಲರ ದನಿಯನ್ನೂ ಅವರಂತೆಯೇ ತೆಗೆದು ಅಣಕಿಸಿ ಬೈಸಿಕೊಳ್ಳುತ್ತಿದ್ದ ನಾನು, ಹಾಸಿಗೆ ಬಿಟ್ಟೇಳಲಾರದೆ ಗೋಡೆ ನೋಡುತ್ತ ಮಲಗಿದ್ದೆ. ಯಾದಗಿರಿಯ ಡಾಕ್ಟರು ಇದಕ್ಕೆ ಖಿನ್ನತೆ ಎಂದು ಹೆಸರು ಹೇಳಿ ಗುಳಿಗೆ ಕೊಟ್ಟರು. ಬಾಯಿ ತೆರೆಯಿತು, ಬೈಗುಳವೂ ಮತ್ತೆ ಸಿಗತೊಡಗಿತು. ಆದರೆ ಹಗಲೆಲ್ಲ ತೂಕಡಿಕೆ. ಹಾಗಾಗಿ ಬೇರೆ ಗುಳಿಗೆ ಬರೆದರು.

ಬದಲಿಸುವುದು ಹೇಗೆಂದು ಬಿಡಿಸಿಯೂ ಹೇಳಿದರು. ನಾನು ಕಿವಿಗೊಟ್ಟಿದ್ದು ಅವರ ಮೈಸೂರು ಕಡೆಯ ಧಾಟಿಗೆ, ಮಾತಿನ ಕೊನೆಗೊಮ್ಮೆ ಬರುವ ಸಣ್ಣ ಕೆಮ್ಮಿಗೆ. ಕೆಮ್ಮು ಚೆನ್ನಾಗಿ ಕಲಿತೆ. ಉಳಿದದ್ದು ತಲೆಗೆ ಹೋಗಲಿಲ್ಲ.

ಮನೆಗೆ ಬಂದು ಕಾಕಾನನ್ನು ಕೇಳಿದೆ. ಅವನು ಕಾಲುವೆಯ ಗೇಟು ಕಾಯುವವನು. ನಮ್ಮ ಕಾಲುವೆಗೆ ವಾರಬಂದಿಯ ನೀರು; ಕೆಲವು ದಿನ ಬಿಡುತ್ತಾರೆ, ಕೆಲವು ದಿನ ನಿಲ್ಲಿಸುತ್ತಾರೆ. ಕಾಕಾನ ಪಾಲಿಗೆ ಇಡೀ ಲೋಕವೇ ಹಾಗೆ ನಡೆಯುತ್ತದೆ.

"ಎರಡೂ ಗೇಟು ಒಮ್ಮೆಲೇ ತೆರದ್ರ ಕಾಲುವಿ ಒಡಿತದಪಾ," ಎಂದ. "ಹಳೇದು ಪೂರಾ ಬಂದ್ ಮಾಡು. ಒಂದು ವಾರ ಒಣಗ್ಲಿ. ಆಮ್ಯಾಲ ಹೊಸಾದು ಬಿಡು."

ಡಾಕ್ಟರಿಗಿಂತ ಇವನೇ ಸ್ಪಷ್ಟ ಅನ್ನಿಸಿತು. ಅವತ್ತೇ ಹಳೆಯ ಗುಳಿಗೆ ನಿಲ್ಲಿಸಿದೆ.

ಎರಡು ದಿನ ಆರಾಮಿತ್ತು. ಆಮೇಲೆ ಕಣ್ಣು ಹೊರಳಿಸಿದರೆ ಸಾಕು, ತಲೆಯೊಳಗೆ ಝುಂ ಎಂದು ಕರೆಂಟು ಹೊಡೆಯತೊಡಗಿತು. ನಡೆದರೆ ನೆಲ ಕಾಲಿಗೆ ಕೊಂಚ ತಡವಾಗಿ ಸಿಗುತ್ತಿತ್ತು. ಕನಸಿನಲ್ಲಿ ಸುರಪುರದ ಗುಡ್ಡದ ಮೇಲೆ ಎಮ್ಮೆಗಳೆಲ್ಲ ಸೇರಿ ನನ್ನ ದನಿ ತೆಗೆದು ನನ್ನನ್ನೇ ಆಡಿಕೊಂಡವು. ಟಿವಿಯಲ್ಲಿ ಸಾಬೂನಿನ ಜಾಹೀರಾತು ನೋಡಿ ಬಿಕ್ಕಿ ಬಿಕ್ಕಿ ಅತ್ತೆ.

"ಪಿತ್ತ ಏರ್ಯದ," ಎಂದು ಅವ್ವ ನಿಂಬೆಹಣ್ಣು ಹಿಂಡಿದಳು.

"ನೀರು ನಿಂತ್ರ ತಳ ಬಿರಕ ಬಿಡ್ತದ. ತಡಿ," ಎಂದ ಕಾಕಾ.

ಅವನ ಈ ಮಾತನ್ನು ಅವನ ದನಿಯಲ್ಲೇ ಹೇಳಿ ತೋರಿಸಲು ಹೋದೆ. ಗಂಟಲಿನಲ್ಲಿ ಏನೂ ಇರಲಿಲ್ಲ. ಮತ್ತೆ ಆ ಗೋಡೆಯೇ ಗತಿ ಎಂದು ನಿಜಕ್ಕೂ ಹೆದರಿದೆ. ಅವ್ವನೂ ಹೆದರಿದ್ದಳು, ಬೈಯುವುದನ್ನು ನಿಲ್ಲಿಸಿದ್ದರಿಂದ ಗೊತ್ತಾಯಿತು. ಮರುದಿನ ಮೊದಲ ಬಸ್ಸಿಗೆ ನನ್ನನ್ನೂ ಕಾಕಾನನ್ನೂ ಎಳೆದುಕೊಂಡು ಯಾದಗಿರಿಗೆ ಹೊರಟಳು.

"ಒಂದೇ ಸಲ ನಿಲ್ಲಿಸೋಕೆ ಯಾರು ಹೇಳಿದ್ದು?" ಎಂದರು ಡಾಕ್ಟರು.

ನಾನು ಕಾಕಾನನ್ನು ನೋಡಿದೆ. ಕಾಕಾ ಫ್ಯಾನು ನೋಡಿದ.

"ಕಾಯಿಲೆ ವಾಪಸ್ ಬಂದಿಲ್ಲ. ಮಾತ್ರೆ ಥಟ್ಟಂತ ನಿಲ್ಲಿಸಿದ್ದಕ್ಕೆ ಮೈ ಮಾಡ್ತಿರೋ ಗಲಾಟೆ ಇದು. ಹಳೇದನ್ನ ಮತ್ತೆ ಶುರು ಮಾಡಿ. ಅದನ್ನ ಸ್ವಲ್ಪ ಸ್ವಲ್ಪ ಇಳಿಸ್ತಾ ಹೊಸದನ್ನ ಏರಿಸೋಣ."

"ಅಂದ್ರ ಎರಡೂ ಗೇಟು ಅರ್ಧರ್ಧ ಏನ್ರಿ, ಸಾಹೇಬ್ರ?" ಕಾಕಾ ಕೇಳಿದ.

"ಹಾಗೇ ಅಂದ್ಕೊಳ್ಳಿ."

"ಹಂಗ ನಾವೂ ಬಿಡ್ತೀವ್ರಿ. ಮ್ಯಾಲಿನ ಸಾಹೇಬ್ರಿಗೆ ಗೊತ್ತಾಗದಂಗ."

ಹಳೆಯ ಗುಳಿಗೆ ಒಳಗೆ ಹೋದ ಮೇಲೆ ಕರೆಂಟು ನಿಧಾನವಾಗಿ ಇಳಿಯಿತು. ಒಂದು ಮಧ್ಯಾಹ್ನ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಬಾಗಿಲಲ್ಲಿ ನಿಂತು, ಅವಳದೇ ದನಿಯಲ್ಲಿ ಪಕ್ಕದ ಮನೆಯ ಕೋಳಿಗಳಿಗೆ ಬೈದೆ. ಗಂಟಲು ಕೇಳಿದ್ದನ್ನೆಲ್ಲ ಕೊಟ್ಟಿತು.

"ನಾ ಹಂಗ ಮಾತಾಡ್ತೀನೇನೋ, ಖೋಡಿ?" ಎಂದು ಅವ್ವ ಹಿಟ್ಟಿನ ಕೈ ಎತ್ತಿದಳು. ಹೊಡೆಯಲಿಲ್ಲ.

"ಇನ್ನೊಮ್ಮೆ ಮಾಡು, ನೋಡೋಣ," ಎಂದಳು.